ಪಟ್ಟಿಯಲ್ಲಿ ಕುರ್ಚಿ, ಕೈಯಲ್ಲಿ ಗಾಜು

ಗಾಜಿನಕ್ಕನ ಅಂಗಡಿಗೂ ನನ್ನ ಬೈಂಡಿಂಗ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಕಡೆ ಗಾಜು ಮುರಿದರೆ ಈ ಕಡೆ ನನಗೆ ಕೇಳಿಸುತ್ತಿತ್ತು. ಅಳತೆಗೆ ಗೀರು ಹಾಕಿ ಬೇಕೆಂದೇ ಮುರಿದ ಗಾಜು ಒಣ ಕಡ್ಡಿಯ ಹಾಗೆ ಚಟ್ಟನೆ ಸದ್ದು ಮಾಡಿ ಸುಮ್ಮನಾಗುತ್ತದೆ. ಕೈತಪ್ಪಿ ಬಿದ್ದ ಗಾಜು ಬಿದ್ದ ಮೇಲೂ ಸ್ವಲ್ಪ ಹೊತ್ತು ಮಾತಾಡುತ್ತಲೇ ಇರುತ್ತದೆ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಪುಸ್ತಕ ಹೊಲಿದವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ?

ಈ ಸಂಗತಿ ನಡೆದಾಗ ಅಕ್ಕನಿಗೆ ಐವತ್ತೆರಡು. ಕುಳ್ಳಗಿನ ಆಳು, ದಪ್ಪ ಕ್ಯಾನ್ವಾಸಿನ ಏಪ್ರನ್ನು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಅಪ್ಪ ತೀರಿಕೊಂಡು ಅಂಗಡಿ ಅವರ ತಲೆಗೆ ಬಂದಾಗ ಇಪ್ಪತ್ತಾರು ವರ್ಷವಂತೆ. ಹೆಣ್ಣುಮಗಳು ಗಾಜಿನ ವ್ಯಾಪಾರ ಮಾಡ್ತಾಳಂತೆ, ನೋಡೋಣ ಎಷ್ಟು ದಿನ ಅಂತ ಬೀದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು. ಆಗ ಜೊತೆಗೆ ನಿಂತವರು ಮೇಸ್ತ್ರಿ. ಅವರು ಅಪ್ಪನ ಕಾಲದಿಂದ ಅಲ್ಲಿ ಗಾಜು ಕತ್ತರಿಸುತ್ತಿದ್ದವರು. ಬೇರೆ ಅಂಗಡಿಯವರು ಎರಡು ಪಟ್ಟು ಸಂಬಳ ಕೊಡ್ತೀವಿ ಬನ್ನಿ ಅಂದರೂ ಹೋಗಲಿಲ್ಲ. ಅಕ್ಕನನ್ನು ಎದುರು ನಿಲ್ಲಿಸಿಕೊಂಡು, ವಜ್ರದ ಕಟ್ಟರನ್ನು ಹಿಡಿಯುವುದು ಹೇಗೆ, ಸೀಮೆಎಣ್ಣೆಯಲ್ಲಿ ಅದ್ದುವುದು ಯಾಕೆ, ಒಂದೇ ಎಳೆತಕ್ಕೆ ಗೀರು ಬೀಳಬೇಕು, ಎರಡನೇ ಸಲ ಅದೇ ದಾರಿಯಲ್ಲಿ ಎಳೆದವನು ಗಾಜಿಗೆ ಶತ್ರು ಅಂತ ಹೇಳಿಕೊಟ್ಟರು. ಅಕ್ಕನನ್ನು ಅವರು 'ದೊಡ್ಡವಳೇ' ಅಂತಲೇ ಕರೆಯುತ್ತಿದ್ದರು, ಅಕ್ಕನ ತಂಗಿಯನ್ನು 'ಚಿಕ್ಕವಳೇ' ಅಂತ. ಇಬ್ಬರೂ ಲಂಗ ತೊಟ್ಟು ಅಂಗಡಿಯೊಳಗೆ ಓಡಾಡುತ್ತಿದ್ದಾಗಿನ ಹೆಸರುಗಳು ಅವು.

ಅಕ್ಕ ಸುಳ್ಳು ಹೇಳುವ ಜಾತಿಯಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಗಾಜಿನಲ್ಲಿ ಸಾಸಿವೆಯಷ್ಟು ಗುಳ್ಳೆ ಇದ್ದರೂ ಗಿರಾಕಿಗೆ ತೋರಿಸುತ್ತಿದ್ದರು. "ಇಲ್ನೋಡಿ, ಇಲ್ಲೊಂದಿದೆ, ಬೇಡ ಅಂದ್ರೆ ಬೇರೆ ಹಾಳೆ ತೆಗೀತೀನಿ" ಅನ್ನುತ್ತಿದ್ದರು. ಗಿರಾಕಿ ಕಣ್ಣು ಕಿರಿದು ಮಾಡಿಕೊಂಡು ಹುಡುಕಿದರೂ ಕಾಣುತ್ತಿರಲಿಲ್ಲ. ಅಂಥವರು ತಮ್ಮ ಅಂಗಡಿಯ ಕಾಗದದಲ್ಲೇ ಒಂದು ದೊಡ್ಡ ಗುಳ್ಳೆ ಬಿಟ್ಟುಕೊಂಡಿದ್ದರು ಅಂತ ನನಗೆ ಗೊತ್ತಾದದ್ದು ವಿಮೆಯವರ ತಪಾಸಣೆ ಬಂದಾಗ.

ಅದು ಶುರುವಾದದ್ದು ಮೇಸ್ತ್ರಿಯ ಕಣ್ಣಿನಿಂದ. ಅವರಿಗೆ ಅರವತ್ತು ದಾಟಿದ ಮೇಲೆ ಕಣ್ಣೊಳಗಿನ ಒತ್ತಡ ಹೆಚ್ಚಾಗಿ, ನೋಟ ಪಕ್ಕಗಳಿಂದ ಮಂಜಾಗುತ್ತಾ ಬಂತು. ಎದುರಿಗಿದ್ದದ್ದು ಕಾಣುತ್ತದೆ, ಅಂಚು ಕಾಣುವುದಿಲ್ಲ. ಗಾಜಿನ ಕೆಲಸದಲ್ಲಿ ಇರುವುದೆಲ್ಲ ಅಂಚೇ. ಡಾಕ್ಟರು ಹನಿ ಹಾಕಿಕೊಳ್ಳಿ, ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಅಂದರು. ಒಂದು ಸಲ ಕ್ಷೌರದಂಗಡಿಯ ದೊಡ್ಡ ಕನ್ನಡಿ ಎರಡು ಬೆರಳಗಲ ಗಿಡ್ಡವಾಯಿತು. ಇನ್ನೊಂದು ಸಲ ಕಿಟಕಿಯ ಗಾಜು ಓರೆಯಾಯಿತು. ಮೂರನೇ ಸಲ ಏನೂ ಕೆಡುವ ಮೊದಲೇ ಮೇಸ್ತ್ರಿ ಕಟ್ಟರನ್ನು ಮೇಜಿನ ಮೇಲಿಟ್ಟು, ಕೈ ತೊಳೆದುಕೊಂಡು ಬರ್ತೀನಿ ಅಂತ ಹೋದರು. ವಾಪಸು ಬರುವಷ್ಟರಲ್ಲಿ, ಕೌಂಟರಿನಲ್ಲಿ ಕೂತು ಅವರ ಕೈ ನೋಡಿಯೇ ಕೆಲಸ ಕಲಿತಿದ್ದ ತಂಗಿ ಆ ಗಾಜನ್ನು ಕತ್ತರಿಸಿ ಅಂಚು ಉಜ್ಜುತ್ತಿದ್ದಳು. ಅವತ್ತಿನಿಂದ ಕತ್ತರಿಸುವವಳು ಅವಳೇ ಆದಳು. ಯಾರೂ ಯಾರಿಗೂ ಹೀಗೆ ಅಂತ ಹೇಳಲಿಲ್ಲ. ಅಕ್ಕನಿಗೆ ಬಲಭುಜ ಹಿಡಿದುಕೊಂಡು ಉದ್ದದ ಎಳೆತ ಎಳೆಯಲು ಆಗುತ್ತಿರಲಿಲ್ಲ, ಹಾಗಾಗಿ ತಂಗಿಯೇ ಗತಿ. ಮೇಸ್ತ್ರಿ ಮೇಜಿನ ಆ ತುದಿಯಲ್ಲಿ ನಿಂತು ಮರದ ಪಟ್ಟಿ ಒತ್ತಿಹಿಡಿಯುವುದು, ಕತ್ತರಿಸಿದ ಮೇಲೆ ಒರೆಸಿ ಕಾಗದ ಸುತ್ತುವುದು ಮಾಡುತ್ತಿದ್ದರು. ಹಳೇ ಗಿರಾಕಿಗಳು ಬಂದು ಮೇಸ್ತ್ರಿ ಕೈಯಲ್ಲೇ ಕತ್ತರಿಸಿಕೊಡಿ ಅಂದರೆ, ಆಗಲಿ ಅನ್ನುತ್ತಿದ್ದರು. ಗಿರಾಕಿ ಹೋದ ಮೇಲೆ ತಂಗಿ ಕತ್ತರಿಸುತ್ತಿದ್ದಳು.

ಇಂಥ ಅಂಗಡಿಗಳಿಗೆ ಕೆಲಸಗಾರರ ಅಪಘಾತ ವಿಮೆ ಕಡ್ಡಾಯ. ವರ್ಷಕ್ಕೊಮ್ಮೆ ಪಟ್ಟಿ ಕೊಡಬೇಕು: ಯಾರು, ಏನು ಕೆಲಸ. ಕೆಲಸ ಎಷ್ಟು ಅಪಾಯದ್ದೋ ಕಂತು ಅಷ್ಟು ಹೆಚ್ಚು. ಗಾಜು ಕತ್ತರಿಸುವವರಿಗೆ, ಹೊರಗೆ ಹೋಗಿ ಗಾಜು ಕೂರಿಸುವವರಿಗೆ ವಿಮೆ ಕಂಪನಿಯಿಂದ ಒಂದು ಕಾರ್ಡು ಬರುತ್ತಿತ್ತು. ಏನಾದರೂ ಆದರೆ ಅದನ್ನು ಆಸ್ಪತ್ರೆಯಲ್ಲಿ ತೋರಿಸಿದರೆ ಸಾಕು. ಅಕ್ಕನ ಪಟ್ಟಿಯಲ್ಲಿ ಮೇಸ್ತ್ರಿಯ ಹೆಸರಿನ ಮುಂದೆ 'ಗಾಜು ಕತ್ತರಿಸುವವರು' ಅಂತ ಇತ್ತು. ತಂಗಿಯ ಹೆಸರಿನ ಮುಂದೆ 'ಕೌಂಟರ್, ಕುಳಿತು ಮಾಡುವ ಕೆಲಸ'. ತಂಗಿ ಮೊದಲು ಬಂದಾಗ ಅದು ನಿಜವೇ ಆಗಿತ್ತು. ಆಮೇಲೆ ಕೆಲಸ ಅದಲುಬದಲಾಯಿತು, ಪಟ್ಟಿ ಮಾತ್ರ ಹಾಗೇ ಉಳಿಯಿತು. ಮೇಸ್ತ್ರಿ ಪ್ರತಿ ವರ್ಷ ಕಾರ್ಡು ಬಂದಾಗ ಅದನ್ನು ಬೆಳಕಿಗೆ ಹಿಡಿದು, ತಮ್ಮ ಹೆಸರಿನ ಕೆಳಗಿನ ಸಾಲನ್ನು ಅಕ್ಕನ ಕೈಲಿ ಓದಿಸಿಕೊಂಡು ಅಂಗಿ ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ನನಗೂ ಒಂದು ಕಾರ್ಡು ಬರಬೇಕಲ್ವಾ ಅಂತ ತಂಗಿ ಒಮ್ಮೆ ಕೇಳಿದ್ದಳಂತೆ. ಮುಂದಿನ ಸಲ ಬರುತ್ತೆ ಅಂದಿದ್ದರು ಅಕ್ಕ.

ತಪಾಸಣೆಗೆ ಎರಡು ವರ್ಷ ಮೊದಲು ಒಂದು ಮಧ್ಯಾಹ್ನ ನನಗೆ ಗೋಡೆಯಾಚೆ ಗಾಜು ಬಿದ್ದು ಮಾತಾಡುವ ಸದ್ದು ಕೇಳಿಸಿತು. ಓಡಿ ಹೋದೆ. ಗಾಜಿನ ಹಾಳೆಯೊಂದು ಜಾರಿ ತಂಗಿಯ ಎಡಗೈಯ ಕಿರುಬೆರಳ ಬುಡಕ್ಕೆ ಇಳಿದಿತ್ತು. ಬೈಂಡಿಂಗಿಗೆ ಇಟ್ಟಿದ್ದ ಬಟ್ಟೆ ಹರಿದು ನಾನೇ ಬಿಗಿದು ಕಟ್ಟಿದೆ. ಅಕ್ಕ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಏಳು ಹೊಲಿಗೆ. ಖರ್ಚೆಲ್ಲ ಅಕ್ಕನೇ ನೋಡಿಕೊಂಡರು, ಹದಿನೈದು ದಿನ ಅವಳ ಮನೆಗೆ ಊಟ ಕಟ್ಟಿಕೊಂಡು ಹೋದರು. ಎಷ್ಟು ಚೆನ್ನಾಗಿ ನೋಡ್ಕೊಳ್ತಾರೆ ತಂಗೀನ ಅಂತ ನಾನೇ ನಮ್ಮ ಮನೆಯಲ್ಲಿ ಹೊಗಳಿದ್ದೆ. ಗಾಯ ಮಾಗಿತು. ಕಿರುಬೆರಳು ಮಾತ್ರ ಪೂರ್ತಿ ಮಡಚುತ್ತಿರಲಿಲ್ಲ.

ವಿಮೆ ಕಂಪನಿಯಿಂದ ತಪಾಸಣೆಯ ಕಾಗದ ಬಂದ ದಿನ ಅಕ್ಕ ಅದನ್ನು ನನಗೆ ತಂದು ತೋರಿಸಿದರು. ಕೆಲಸಗಾರರು ನಿಜವಾಗಿ ಮಾಡುವ ಕೆಲಸವನ್ನು ಸ್ಥಳದಲ್ಲಿ ಪರಿಶೀಲಿಸಲಾಗುವುದು ಅಂತ ಅದರಲ್ಲಿತ್ತು. "ನಿಜವಾಗಿ ಅಂತ ಯಾಕೆ ಹಾಕಿದಾರೆ ಅಣ್ಣ?" ಅಂತ ಕೇಳಿದರು. ಎಲ್ಲರಿಗೂ ಹಾಗೇ ಹಾಕ್ತಾರೆ ಬಿಡಿ, ಅಚ್ಚು ಹಾಕಿದ ಕಾಗದ ಅಂದೆ. ಅವರು ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅನ್ನುವ ಗಾದೆ ಆಗ ನನಗೆ ಹೊಳೆಯಲಿಲ್ಲ.

ತಪಾಸಣೆಯ ಹಿಂದಿನ ದಿನ ಸಂಜೆ ಚಹಾ ಹೊತ್ತಿನಲ್ಲಿ ಅಕ್ಕ ಎಲ್ಲರಿಗೂ ಹೇಳಿದರಂತೆ: ನಾಳೆ ಮೇಸ್ತ್ರಿ ಮೇಜಿನ ಹತ್ತಿರ ಕಟ್ಟರ್ ಹಿಡಿದು ನಿಲ್ಲಲಿ, ಪುಟ್ಟಿ ಕೌಂಟರಿನಲ್ಲಿ ಕೂರಲಿ. ಪುಟ್ಟಿ ಅಂದರೆ ತಂಗಿ, ನಲವತ್ತಮೂರು ವರ್ಷದ ಪುಟ್ಟಿ. ನಾನು ನಿಲ್ಲೋದು ದಿನಾ ಅಲ್ಲೇ ತಾನೇ ಅಂತ ಮೇಸ್ತ್ರಿ ನಕ್ಕರು. ಕೌಂಟರಿನಲ್ಲಿ ನಾನು ಯಾಕೆ ಅಂತ ತಂಗಿ ಕೇಳಿದಳು. ಪಟ್ಟಿಯಲ್ಲಿ ಹಾಗಿದೆ ಕಣೇ, ಒಂದು ಗಂಟೆ ಹೊತ್ತು ಕೂತರಾಯಿತು ಅಂದರು ಅಕ್ಕ. ಹೂಂ ಅಂದಳು ತಂಗಿ. ಮೇಜಿನ ಮೇಲಿದ್ದ ಗಾಜಿನ ಚೂರುಗಳನ್ನು ಬ್ರಷ್ಷಿನಿಂದ ಗುಡಿಸಿ ಡಬ್ಬಕ್ಕೆ ತುಂಬಿ ಮನೆಗೆ ಹೋದಳು.

ಮಾರನೇ ದಿನ ಬೆಳಿಗ್ಗೆ ಬಂದ ತಪಾಸಣೆಯವರು ನೋಡಲು ಹುಲಿಯೇನೂ ಆಗಿರಲಿಲ್ಲ. ತೆಳ್ಳಗಿನ ಮನುಷ್ಯ, ಹಿಮ್ಮಡಿ ಸವೆದ ಬೂಟು, ಕಂಕುಳಲ್ಲಿ ಚೀಲ, ಕೈಯಲ್ಲಿ ಮನೆಯಿಂದ ತಂದ ನೀರಿನ ಬಾಟಲಿ. ಗಾಜಿನ ಚೌಕಟ್ಟುಗಳ ನಡುವೆ, ಮಲಗಿದ ಮಗುವಿನ ಪಕ್ಕ ನಡೆದ ಹಾಗೆ, ಮೈ ಮುದುಡಿಕೊಂಡು ನಡೆದರು. ಸಂಬಳದ ಪುಸ್ತಕ ನೋಡಿದರು. ಹೊರಗೆ ಹೋಗಿ ಗಾಜು ಕೂರಿಸುವ ಇಬ್ಬರ ಹತ್ತಿರ ಏಣಿ, ಕೈಗವಸು ಎಲ್ಲ ಕೇಳಿದರು. ಕೆಲಸದ ಚೀಟಿಗಳ ಕಟ್ಟು ಬಿಡಿಸಿದರು. ಆ ಅಂಗಡಿಯಲ್ಲಿ ಪ್ರತಿ ಚೀಟಿಯ ಮೂಲೆಯಲ್ಲಿ ಕತ್ತರಿಸಿದವರು ಒಂದು ಗುರುತು ಹಾಕುವ ರೂಢಿ. ನಾಳೆ ಅಳತೆ ತಪ್ಪಿದೆ ಅಂತ ಯಾರಾದರೂ ಬಂದರೆ ಗೊತ್ತಾಗಲಿ ಅಂತ. ಐದು ವರ್ಷದ ಚೀಟಿಗಳಲ್ಲೆಲ್ಲ ಒಂದೇ ಗುರುತು, ಸಣ್ಣ ನಕ್ಷತ್ರ. ಅದನ್ನು ಹಾಕುತ್ತಿದ್ದವಳು ತಂಗಿ. ಅಕ್ಕನಿಗೆ ಚೀಟಿಗಳ ನೆನಪೇ ಬಂದಿರಲಿಲ್ಲ. ತಪಾಸಣೆಯವರು ಒಂದೊಂದೇ ಮಗುಚುವಾಗ, ಈ ಗುರುತು ಯಾರದ್ದು ಅಂತ ಕೇಳಿದರೆ ಏನು ಹೇಳಲಿ ಅಂತ ಯೋಚಿಸುತ್ತಿದ್ದೆ ಅಂತ ಅಕ್ಕ ಆಮೇಲೆ ಹೇಳಿದರು.

ಅಷ್ಟು ಹೊತ್ತಿಗೆ ಒಳಗೆ ಹೋದವನು ನಾನು. ಹಿಂದಿನ ದಿನ ಯಾರೋ ಗಿರಾಕಿಯ ಛತ್ರಿ ತಗುಲಿ ನನ್ನ ಶೋಕೇಸಿನ ಗಾಜು ಬಿರುಕು ಬಿಟ್ಟಿತ್ತು. ಅಳತೆ ಬರೆದ ಚೀಟಿ ಹಿಡಿದು, ಹದಿನೆಂಟಕ್ಕೆ ಮೂವತ್ತೆರಡು ಇಂಚು, ಅರ್ಜೆಂಟಾಗಿ ಬೇಕಿತ್ತು ಅಂದೆ. ಅಕ್ಕನ ಮುಖ ನೋಡಿದೆ. ಬಾರದ ಹೊತ್ತಿನಲ್ಲಿ ಬಂದಿದ್ದೇನೆ ಅಂತ ಗೊತ್ತಾಯಿತು, ಯಾಕೆ ಅಂತ ಗೊತ್ತಾಗಲಿಲ್ಲ. ಆಮೇಲೆ ಬರ್ತೀನಿ ಅಂತ ತಿರುಗುವಷ್ಟರಲ್ಲಿ ತಪಾಸಣೆಯವರು, ಇರಲಿ ಇರಲಿ, ಒಂದು ತುಂಡು ಕತ್ತರಿಸುವುದನ್ನೂ ನೋಡಿದ ಹಾಗಾಗುತ್ತೆ ಅಂದರು. ಪಾಪ, ಅವರಿಗೆ ಕುತೂಹಲ ಅಷ್ಟೇ.

ಮೇಸ್ತ್ರಿ ಹಾಳೆ ತೆಗೆದರು. ಮೇಜಿನ ಮೇಲೆ ಮಲಗಿಸಿದರು. ಅಷ್ಟರ ಮಟ್ಟಿಗೆ ಅವರ ಕೈಯಲ್ಲಿ ಹಳೇ ಅಂದವೇ ಇತ್ತು. ಟೇಪು ಹಿಡಿದು ಅಳತೆ ಮಾಡುವಾಗ ಮುಖವನ್ನು ಗಾಜಿಗೆ ತೀರಾ ಹತ್ತಿರ ತಂದರು. ಮರದ ಪಟ್ಟಿ ಇಟ್ಟರು. ಐದು ವರ್ಷದಿಂದ ಆ ಪಟ್ಟಿಯ ಇನ್ನೊಂದು ತುದಿಯನ್ನು ಹಿಡಿಯುತ್ತಿದ್ದವರು ಅವರೇ. ಇವತ್ತು ಆ ತುದಿಯಲ್ಲಿ ಯಾರೂ ಇರಲಿಲ್ಲ. ಪಟ್ಟಿ ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಿತ್ತು. ಅದನ್ನು ಒತ್ತಲು ಅವರು ಎಡಗೈಯನ್ನು ಮುಂದಕ್ಕೆ ಚಾಚಿ ಊರಿದರು. ಊರಿದ್ದು ಗಾಜಿನ ಇನ್ನೂ ಉಜ್ಜದ ಹಸಿ ಅಂಚಿನ ಮೇಲೆ. ಅದು ಅವರಿಗೆ ಕಾಣಿಸಲಿಲ್ಲ. ಕಟ್ಟರ್ ಹಿಡಿದು ಮೈಭಾರವನ್ನೆಲ್ಲ ಆ ಕೈ ಮೇಲೆ ಬಿಡಲು ಬಗ್ಗಿದರು.

ಕೌಂಟರಿನ ಹಿಂದೆ ಕುರ್ಚಿ ಕರಕರ ಅಂದಿತು. ತಂಗಿ ಎದ್ದು ನಿಂತಿದ್ದಳು. ಆದರೆ ಮುಂದೆ ಬರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಾ ನಿಂತಳು.

"ಮೇಸ್ತ್ರಿ, ಕೈ ತೆಗೀರಿ" ಅಂದರು ಅಕ್ಕ. ಹತ್ತಿರ ಹೋಗಿ ಅವರ ಮಣಿಕಟ್ಟು ಹಿಡಿದು ತಾವೇ ಎತ್ತಿದರು. ಆಮೇಲೆ ತಪಾಸಣೆಯವರ ಕಡೆ ತಿರುಗಿದರು.

"ಸಾರ್, ಮೇಸ್ತ್ರಿ ಗಾಜು ಕತ್ತರಿಸೋದು ಬಿಟ್ಟು ಐದು ವರ್ಷ ಆಯ್ತು. ಅವರಿಗೆ ಅಂಚು ಕಾಣಲ್ಲ. ಕತ್ತರಿಸೋಳು ನನ್ನ ತಂಗಿ. ಅವಳನ್ನ ಇವತ್ತು ಅಲ್ಲಿ ಕೂರಿಸಿದ್ದು ನಾನು. ಪಟ್ಟಿ ಸುಳ್ಳು."

ತಪಾಸಣೆಯವರು ಚೀಟಿಗಳ ಕಟ್ಟನ್ನು ಮತ್ತೆ ನೋಡಿದರು. ಈ ನಕ್ಷತ್ರ ಮೇಸ್ತ್ರಿಯವರದ್ದು ಅಂದುಕೊಂಡಿದ್ದೆ, ನನ್ನ ಕೆಲಸ ಮುಗಿದೇ ಹೋಗಿತ್ತು ಅಂದರು. ಅದೊಂದು ಮಾತು ನನಗೆ ಇವತ್ತಿಗೂ ಮರೆತುಹೋಗಿಲ್ಲ. ಅಕ್ಕ ಬಾಯಿ ಬಿಡದೆ, ಭುಜದ ನೋವು ನುಂಗಿಕೊಂಡು ತಾವೇ ಒಂದು ಗೀರು ಎಳೆದಿದ್ದರೂ ಆ ಮನುಷ್ಯ ಸಹಿ ಹಾಕಿ ಹೋಗುತ್ತಿದ್ದರು.

ಅವರು ಬೈಯಲಿಲ್ಲ. ಹೊಸ ಹಾಳೆ ತೆಗೆದು ಬರೆಯಲು ಕೂತರು. ಬರೆಯುತ್ತಾ ತಂಗಿಯನ್ನು ಕೇಳಿದರು, ಈ ಐದು ವರ್ಷದಲ್ಲಿ ಗಾಯ ಏನಾದರೂ ಆಗಿತ್ತಾ ಅಂತ. ತಂಗಿ ಎಡಗೈಯನ್ನು ಅಂಗೈ ಮೇಲಾಗಿ ಕೌಂಟರಿನ ಮೇಲಿಟ್ಟಳು. ಬೆರಳುಗಳನ್ನು ಮಡಚಿದಳು. ನಾಲ್ಕು ಮಡಚಿದವು, ಕಿರುಬೆರಳು ಅರ್ಧಕ್ಕೆ ನಿಂತಿತು.

ವರದಿ ಯಾಕೆ ಮಾಡಲಿಲ್ಲ ಅಂತ ಅವರು ಕೇಳಿದರು.

"ಅಕ್ಕನ್ನ ಕೇಳಿ" ಅಂದಳು ತಂಗಿ. "ಆಸ್ಪತ್ರೆಯಲ್ಲಿ ಅವಳು, ಮನೆಯಲ್ಲಿ ಲೋಟ ತೊಳೀವಾಗ ಒಡೆದು ಚುಚ್ಚಿತು ಅಂತ ಬರೆಸಿದಳು. ಯಾಕೆ ಅಂತ ನನಗೆ ಇವತ್ತು ಗೊತ್ತಾಯ್ತು."

ಕೆಲಸದ ಮೇಲೆ ಆದ ಗಾಯ ಅಂತ ಮೂವತ್ತು ದಿನದೊಳಗೆ ತಿಳಿಸಿದ್ದರೆ ಚಿಕಿತ್ಸೆಯ ಖರ್ಚು, ಬೆರಳಿನ ಊನಕ್ಕೆ ಪರಿಹಾರ ಎರಡೂ ಸಿಗುತ್ತಿತ್ತು, ಪಟ್ಟಿಯಲ್ಲಿ ಕೆಲಸ ತಪ್ಪಾಗಿ ಬರೆದಿದ್ದರೂ ಅದಕ್ಕೆ ದಾರಿ ಇತ್ತು ಅಂತ ತಪಾಸಣೆಯವರು ವಿವರಿಸಿದರು. ಈಗ ಕಷ್ಟ. ಆದರೂ ಒಂದು ಅರ್ಜಿ ಹಾಕಿ ನೋಡಿ ಅಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಅದಕ್ಕೇ ಇನ್ನೂ ಭಾರವಾಗಿ ಕೇಳಿಸಿತು.

ತಂಗಿ ಕೌಂಟರಿನಿಂದ ಹೊರಗೆ ಬಂದಳು. ಗೂಟದಲ್ಲಿದ್ದ ತನ್ನ ಏಪ್ರನ್ ಕಟ್ಟಿಕೊಂಡಳು. ನನ್ನ ಚೀಟಿ ನೋಡಿ, ಅಳತೆ ಮಾಡಿ, ಮರದ ಪಟ್ಟಿ ಇಟ್ಟು, ಒಂದೇ ಎಳೆತಕ್ಕೆ ಗೀರು ಹಾಕಿ ಮುರಿದಳು. ಅಂಚು ಉಜ್ಜಿ, ಕಾಗದ ಸುತ್ತಿ ನನ್ನ ಕೈಗೆ ಕೊಟ್ಟಳು. ಚೀಟಿಯ ಮೂಲೆಯಲ್ಲಿ ನಕ್ಷತ್ರ ಹಾಕಿದಳು. ಏಪ್ರನ್ ಬಿಚ್ಚಿ ಮತ್ತೆ ಗೂಟಕ್ಕೆ ಹಾಕಿ ಮನೆಗೆ ಹೊರಟುಹೋದಳು. ಅವಳು ಹೋಗುವಾಗ ಯಾರೂ ತಡೆಯಲಿಲ್ಲ. ತಡೆಯುವ ಮುಖ ಯಾರಿಗಿತ್ತು?

ನಾಲ್ಕು ದಿನ ಅವಳು ಬರಲಿಲ್ಲ. ಅಕ್ಕ ತಾವೇ ಕತ್ತರಿಸಿದರು. ಒಂದು ಗೀರು ಎಳೆಯುವುದು, ಭುಜ ಹಿಡಿದುಕೊಂಡು ಗೋಡೆಗೆ ಒರಗುವುದು, ಮತ್ತೆ ಎಳೆಯುವುದು. ಕೂರಿಸುವ ಇಬ್ಬರೂ ತಲೆ ತಗ್ಗಿಸಿಕೊಂಡು ಬಂದು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಎರಡನೇ ದಿನ ಅಕ್ಕ ಮೇಸ್ತ್ರಿಯ ಕ್ಷಮೆ ಕೇಳಿದರಂತೆ. ಎಲ್ಲರ ಎದುರಿಗೆ ಹಾಗೆ ಹೇಳಬೇಕಾಯಿತು, ಮರ್ಯಾದೆ ಕಳೆದೆ ಅಂತ. ಮೇಸ್ತ್ರಿ ಜೇಬಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

"ನನಗೆ ಕಣ್ಣು ಕಾಣಲ್ಲ ಅನ್ನೋದು ಬೀದಿಗೇ ಗೊತ್ತು ದೊಡ್ಡವಳೇ. ಮರ್ಯಾದೆ ಹೋಗೋದಕ್ಕೆ ಉಳಿದಿದ್ದೇನು? ನಾನು ಮಾಡಿದ್ದು ಇನ್ನೊಂದು ತಪ್ಪು. ಈ ಕಾರ್ಡು ಚಿಕ್ಕವಳಿಗೆ ಬರಬೇಕಾದ್ದು ಅಂತ ನನಗೆ ಗೊತ್ತಿತ್ತು. ಇಟ್ಟುಕೊಳ್ಳೋಕೆ ಆಸೆ ಆಯ್ತು, ಇಟ್ಟುಕೊಂಡೆ. ನಿನ್ನ ತಪ್ಪಿನಲ್ಲಿ ನಂದೂ ಪಾಲಿದೆ."

ಅವತ್ತು ಸಂಜೆ ಅಂಗಡಿ ಮೆಟ್ಟಿಲ ಮೇಲೆ ಕೂತು ಅಕ್ಕ ನನಗೆ ಎಲ್ಲ ಹೇಳಿಕೊಂಡರು. ಅಳಲಿಲ್ಲ. ಗಾಜಿನಲ್ಲಿ ಗುಳ್ಳೆ ತೋರಿಸುತ್ತಿದ್ದ ಹಾಗೇ, ಇಲ್ನೋಡಿ ಇಲ್ಲೊಂದಿದೆ ಅನ್ನುವ ಹಾಗೆ ಹೇಳಿದರು. ಮೇಸ್ತ್ರಿಗೆ ಬೇಜಾರಾಗುತ್ತೆ ಅಂತ ಪಟ್ಟಿ ಬದಲಾಯಿಸಲಿಲ್ಲ ಅನ್ನುವುದು ನಿಜ. ಆದರೆ ಇಬ್ಬರನ್ನೂ ಕತ್ತರಿಸುವವರು ಅಂತ ಬರೆಯಬಹುದಿತ್ತು, ಕಂತು ಹೆಚ್ಚಾಗುತ್ತಿತ್ತು, ಅದಕ್ಕೆ ಮನಸ್ಸು ಬರಲಿಲ್ಲ ಅನ್ನುವುದೂ ನಿಜ. ಒಂದರ ಹಿಂದೆ ಒಂದು ಬಚ್ಚಿಟ್ಟುಕೊಂಡಿತ್ತು. ಆಮೇಲೆ ಅಂದರು:

"ಇನ್ನೂ ಒಳಗೆ ನೋಡಿದ್ರೆ ಇನ್ನೊಂದು ಇದೆ ಅಣ್ಣ. ತಂಗಿ ತಾನೇ, ಏನಾದ್ರೂ ಆದ್ರೆ ನಾನಿಲ್ವಾ ಅಂದುಕೊಂಡೆ. ಕೂರಿಸೋ ಹುಡುಗರಿಗೆ ಹಾಗೆ ಅಂದುಕೊಳ್ಳಲಿಲ್ಲ ನೋಡಿ. ಹೊರಗಿನವರಿಗೆಲ್ಲ ಕಾಗದ ಸರಿಯಾಗಿತ್ತು. ಮನೆಯವಳಿಗೆ ಮಾತ್ರ ಬರೀ ಬಾಯಿಮಾತು."

ಕೇಳುತ್ತಾ ನನಗೆ ನಮ್ಮ ಅಂಗಡಿಯೇ ನೆನಪಾಯಿತು. ಅಲ್ಲಿ ನನ್ನ ಜೊತೆ ಕೂತು ಪುಸ್ತಕ ಹೊಲಿಯುತ್ತಿದ್ದವಳು ನನ್ನ ಹೆಂಡತಿ. ಅವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಹೋಗಿ ಮಾತಾಡಿ ಅಂದೆ, ಅಷ್ಟೇ.

ಐದನೇ ದಿನ ಅಕ್ಕ ಹೋದರು. ತಂಗಿಯ ಮನೆ ಎರಡು ಬೀದಿಯಾಚೆ, ಮಹಡಿ ಮೇಲೆ. ಬಾಗಿಲು ತೆಗೆದ ತಂಗಿಯ ಗಂಡ, ಶಾಲೆಯ ವ್ಯಾನು ಓಡಿಸುವವರು, ಬನ್ನಿ ಅಂತ ಒಳಗೆ ಕರೆದು, ನಾನು ಗಾಡಿ ತೊಳೀಬೇಕು ಅಂತ ಜಾಗ ಖಾಲಿ ಮಾಡಿದರು. ಬುದ್ಧಿವಂತರು. ತಂಗಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಕ್ಕ ಬಾಗಿಲ ಚೌಕಟ್ಟಿಗೆ ಆತು ನಿಂತರು. ನಲ್ಲಿ ಸುರಿಯುತ್ತಲೇ ಇತ್ತು. ಆಮೇಲೆ ತಂಗಿಯೇ ನಲ್ಲಿ ನಿಲ್ಲಿಸಿದಳು.

"ಏಳು ಹೊಲಿಗೆಗೆ ನನಗೆ ಬೇಜಾರಿಲ್ಲ. ಪರಿಹಾರ ಹೋಯ್ತು ಅಂತಾನೂ ಅಲ್ಲ. ಅವತ್ತು ಆ ನರ್ಸ್ ಗಾಯ ಹೊಲಿಯುವಾಗ, ಇಷ್ಟು ವಯಸ್ಸಾದ್ರೂ ಒಂದು ಲೋಟ ತೊಳಿಯೋಕೆ ಬರಲ್ವಾ ಅಂತ ನಕ್ಕಳು. ನಾನೂ ನಕ್ಕೆ. ಆರಡಿ ಹಾಳೆ ಒಂದೇ ಎಳೆತಕ್ಕೆ ಕತ್ತರಿಸೋಳು ನಾನು. ಲೋಟ ಒಡೆದವಳು ಅಂತ ಬರೆಸಿಬಿಟ್ಟೆಯಲ್ಲ ಅಕ್ಕ."

ಅಕ್ಕ ಮೇಸ್ತ್ರಿಯ ಹೆಸರೆತ್ತಲಿಲ್ಲ, ಕಂತಿನ ಮಾತೂ ತೆಗೆಯಲಿಲ್ಲ. ತಪ್ಪು ನಂದೇ ಅಂದರು. ಅದನ್ನು ಒಂದೇ ಸಲ ಹೇಳಿದರು. ಹತ್ತು ಸಲ ಹೇಳಿದ್ದರೆ ನಾನು ಬಟ್ಟಲು ಎತ್ತಿ ಎಸೀತಿದ್ದೆ ಅಂತ ತಂಗಿ ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ.

ಬರ್ತೀನಿ, ಆದರೆ ತಂಗಿ ಅಂತ ಬರಲ್ಲ ಅಂದಳು ಅವಳು. ಕೆಲಸ ಏನು ಅಂತ ಕಾಗದದಲ್ಲಿ ಇರಬೇಕು, ಕಾರ್ಡು ಬರಬೇಕು, ಬೆರಳಿಗೆ ವ್ಯಾಯಾಮ ಹೇಳಿಕೊಡುವವರ ಹತ್ತಿರ ಹೋಗುವ ಖರ್ಚು ಅಂಗಡಿಯದ್ದು, ಪಟ್ಟಿಯನ್ನು ಇನ್ನು ಮೇಲೆ ತುಂಬುವವಳು ನಾನು. ಅಕ್ಕ ಎಲ್ಲದಕ್ಕೂ ಒಪ್ಪಿದರು. ಯಾವಾಗ ಬರ್ತೀಯ ಅಂತ ಕೇಳಿದಾಗ, ಇನ್ನೊಂದು ವಾರ ಹೋಗಲಿ, ನಿನ್ನ ಭುಜಾನೂ ಸ್ವಲ್ಪ ನೋಯಲಿ ಅಂದಳು. ಅಕ್ಕನಿಗೆ ನಗು ಬಂತು. ತಂಗಿಗೆ ಬರಲಿಲ್ಲ. ವಾರ ಅಂದವಳು ನಿಜವಾಗಿಯೂ ಒಂದು ವಾರ ಬಿಟ್ಟೇ ಬಂದಳು.

ವಿಮೆ ಕಂಪನಿಯ ತೀರ್ಮಾನ ಬರಲು ಎರಡು ತಿಂಗಳು ಹಿಡಿಯಿತು. ತಂಗಿಯ ಹೆಸರಿನಲ್ಲಿ ಹಿಂದಿನ ವರ್ಷಗಳ ವ್ಯತ್ಯಾಸ ಕಟ್ಟಬೇಕು, ಮೇಸ್ತ್ರಿಯ ಹೆಸರಿನಲ್ಲಿ ಹೆಚ್ಚಾಗಿ ಕಟ್ಟಿದ್ದನ್ನು ಅದರಲ್ಲಿ ಕಳೆಯಬಹುದು. ಕಳೆದು ಕೂಡಿ ನೋಡಿದರೆ ಅಕ್ಕನ ಕೈಯಿಂದ ಹೋದದ್ದು ಹೆಚ್ಚೇನಲ್ಲ. ದಂಡ ಹಾಕಿರಲಿಲ್ಲ. ಮಾಲೀಕರು ತಾವಾಗಿಯೇ ತಪ್ಪು ತಿಳಿಸಿದರು ಅಂತ ಆ ತೆಳ್ಳಗಿನ ಮನುಷ್ಯ ವರದಿಯಲ್ಲಿ ಒಂದು ಸಾಲು ಬರೆದಿದ್ದರು. ಬೆರಳಿನ ಅರ್ಜಿ ಮಾತ್ರ ಅವಧಿ ಮೀರಿದೆ ಅಂತ ತಿರಸ್ಕೃತವಾಯಿತು. ಮೇಲ್ಮನವಿ ಹಾಕಿದರು, ಅದೂ ಆಗಲಿಲ್ಲ. ಆ ಕಾಗದ ಬಂದ ದಿನ ಅಕ್ಕ ಊಟ ಮಾಡಲಿಲ್ಲ. ತಂಗಿ ಡಬ್ಬಿ ತೆಗೆದು ಎದುರಿಗೆ ಕೂತು ಪೂರ್ತಿ ಊಟ ಮಾಡಿದಳು. ಒಂದು ವರ್ಷದ ವ್ಯಾಯಾಮದ ಮೇಲೆ ಬೆರಳು ಮುಕ್ಕಾಲು ಪಾಲು ಮಡಚತೊಡಗಿತು. ಇನ್ನುಳಿದ ಕಾಲು ಪಾಲು ಬರಲೇ ಇಲ್ಲ.

ಮೇಸ್ತ್ರಿಗೆ ಪಟ್ಟಿಯಲ್ಲಿ ಏನು ಬರೆಯುವುದು ಅಂತ ಚಹಾ ಹೊತ್ತಿನಲ್ಲಿ ದೊಡ್ಡ ಚರ್ಚೆಯಾಯಿತು, ನನ್ನನ್ನೂ ಕರೆದರು. 'ಪರೀಕ್ಷೆ ಮತ್ತು ಪ್ಯಾಕಿಂಗ್' ಅಂತ ತಂಗಿ ಬರೆದಳು. ಪ್ಯಾಕಿಂಗ್ ಮೊದಲು ಹಾಕು ಚಿಕ್ಕವಳೇ, ಪರೀಕ್ಷೆ ಅಂದ್ರೆ ನಾನು ಆರನೇ ಕ್ಲಾಸಿನಲ್ಲಿ ಫೇಲಾಗಿದ್ದು ನೆನಪಾಗುತ್ತೆ ಅಂದರು ಅವರು. ಇನ್ನೆರಡು ವರ್ಷ ಕೆಲಸ ಮಾಡಿ, ಒಂದು ದಿನ ಇನ್ನು ಸಾಕು ಅಂತ ತಾವೇ ಹೇಳಿ ಮನೆಯಲ್ಲಿ ಕೂತರು. ಕೂತರು ಅನ್ನುವುದು ಹೆಸರಿಗೆ. ಮಧ್ಯಾಹ್ನದ ಚಹಾ ಹೊತ್ತಿಗೆ ತಪ್ಪದೆ ಬರುತ್ತಿದ್ದರು.

ಅಕ್ಕತಂಗಿಯರು ಮೊದಲಿನ ಹಾಗಾದರಾ ಅಂತ ಕೇಳಿದರೆ, ಇಲ್ಲ. ಮೊದಲು ತಂಗಿ ಅಕ್ಕನ ಮಾತಿಗೆ ಹೂಂ ಅನ್ನುತ್ತಿದ್ದಳು, ಈಗ ಯಾಕೆ ಅಂತ ಕೇಳುತ್ತಿದ್ದಳು. ಅಕ್ಕನಿಗೆ ಅದು ರೂಢಿಯಾಗಲು ಕಾಲ ಹಿಡಿಯಿತು. ಕೆಲವು ದಿನ ಗೋಡೆಯಾಚೆ ಜೋರು ಮಾತು ಕೇಳುತ್ತಿತ್ತು, ಕೆಲವು ದಿನ ಏನೂ ಕೇಳುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಆದರೆ ಅಂಗಡಿ ನಡೆಯಿತು. ನಾನು ಕೂಡ ಆ ವರ್ಷ ಹೆಂಡತಿಯ ಹೆಸರನ್ನು ನಮ್ಮ ಅಂಗಡಿಯ ಕಾಗದಕ್ಕೆ ಸೇರಿಸಿದೆ. ಏನು ಕೆಲಸ ಅಂತ ಬರೀಲಿ ಅಂತ ಕೇಳಿದ್ದಕ್ಕೆ, ಇಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿಲ್ವಾ ಅಂದಳು.

ತಪಾಸಣೆಯಾದ ಮರುವರ್ಷದ ಪಟ್ಟಿ ತುಂಬುವಾಗ ನಾನು ಅಲ್ಲೇ ಇದ್ದೆ. ತಂಗಿ ಒಬ್ಬೊಬ್ಬರ ಹೆಸರು ಓದಿ, ಕೆಲಸ ಕೇಳಿ, ಅವರ ಬಾಯಿಂದ ಬಂದದ್ದನ್ನೇ ಬರೆಯುತ್ತಿದ್ದಳು. ಮಾಲೀಕರು ಬೇಕೆಂದರೆ ತಾವೂ ಸೇರಬಹುದು ಅಂತ ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. ಇಷ್ಟು ವರ್ಷ ಅಕ್ಕ ಅದನ್ನು ಖಾಲಿ ಬಿಡುತ್ತಿದ್ದರು. ತಂಗಿ ಅಲ್ಲಿ ಅಕ್ಕನ ಹೆಸರು ಬರೆದು, ಕೆಲಸ ಏನು ಅಂತ ಕೇಳಿದಳು.

"ನಂದೇನು ಕೆಲಸ, ಮಾತಾಡೋದು" ಅಂದರು ಅಕ್ಕ.

ತಂಗಿ ಬರೆಯುತ್ತಾ ಜೋರಾಗಿ ಓದಿದಳು: ಗಿರಾಕಿ, ಅಳತೆ, ಹಾಳೆ ಇಳಿಸುವುದು, ಏಣಿ ಹತ್ತುವುದು.

"ಏಣಿ ನಾನು ಯಾವಾಗ ಹತ್ತಿದೆ?"

"ಮೊನ್ನೆ. ಬ್ಯಾಂಕಿನ ಕಿಟಕಿ ಅಳತೆಗೆ. ಯಾರೂ ಇಲ್ಲದಾಗ."

ಅಕ್ಕ ನನ್ನ ಮುಖ ನೋಡಿದರು. ಅದನ್ನು ಕಂಡು ತಂಗಿಗೆ ಹೇಳಿದ್ದ ನಾನು ಚಹಾ ಲೋಟದೊಳಗೆ ನೋಡಿದೆ. ಅಕ್ಕ ಕನ್ನಡಕ ಏರಿಸಿಕೊಂಡು, ಕಾಗದವನ್ನು ಹತ್ತಿರ ಎಳೆದುಕೊಂಡು, ತಂಗಿ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕಿದರು.